ದಾರಿ ಬಿಟ್ಟ ಮಾವ

ಈ ಮನುಷ್ಯನ ಪರಿಚಯಕ್ಕೆ ನಾನು ತೆತ್ತದ್ದು ಒಂದು ಬಂಡಿದಾರಿ. ಮೈಸೂರು ರಸ್ತೆಯಿಂದ ನಮ್ಮ ಹಿಂದಿನ ಹೊಲದವರೆಗೆ ಉದ್ದ, ತುಂಬಿದ ಗಾಡಿ ಸಲೀಸಾಗಿ ಹೋಗುವಷ್ಟು ಅಗಲ. ದಾರಿ ಹೋದ ಮೇಲೆ ಎತ್ತು ಹೋದವು, ಎತ್ತು ಹೋದ ಮೇಲೆ ಬೇಸಾಯ ಹೋಯಿತು, ಬೇಸಾಯ ಹೋದ ಮೇಲೆ ಅವ್ವನ ಮಾತಿನಲ್ಲಿದ್ದ ನಗು ಹೋಯಿತು. ಯಾಕೆ ತೆತ್ತೆ ಎಂದರೆ, ಅವರು ಹೇಳಿದ ಒಂದು ಮಾತನ್ನು ಅವರು ಹೇಳಿದ ಹಾಗೆ ಕೇಳಿಸಿಕೊಳ್ಳದೆ ನನಗೆ ಬೇಕಾದ ಹಾಗೆ ಕೇಳಿಸಿಕೊಂಡೆ. ವ್ಯಾಪಾರ ಮಾಡುವವನಿಗೆ ಇದಕ್ಕಿಂತ ದೊಡ್ಡ ದಂಡ ಬೇರೆ ಇಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಬಡಾವಣೆಯ ಕಮಾನಿಗೆ ಫ್ಲೆಕ್ಸ್ ಕಟ್ಟಿದ್ದಾರೆ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈ ಮುಗಿದ ಚಿತ್ರ. ಕೆಳಗೆ, ‘ನೂರಾರು ಕುಟುಂಬಗಳಿಗೆ ದಾರಿ ತೋರಿದ ಧೀಮಂತರಿಗೆ ಅಶ್ರುತರ್ಪಣ’ ಎಂದು ಬರೆಸಿದ್ದಾರೆ. ನಾನು ಬೈಕು ನಿಲ್ಲಿಸಿ ಎರಡು ಸಲ ಓದಿದೆ. ಆ ಸಾಲು ಬರೆಸಿದವನು ಗೊತ್ತಿದ್ದೂ ಬರೆಸಿದನೋ, ಗೊತ್ತಿಲ್ಲದೆ ಬರೆಸಿದನೋ ತಿಳಿಯದು. ನಾನು ಕುಳಿತು ಇದನ್ನು ಬರೆಯುತ್ತಿರುವುದು ಮಾತ್ರ ಅದೇ ಸಾಲಿಗಾಗಿ. ಅವರ ಹೆಸರು ಬರೆಯುವುದಿಲ್ಲ. ನನಗೆ ಅವರು ಮಾವ. ಸಂಬಂಧದಿಂದಲ್ಲ, ಅವರು ಯಾರ ಜೊತೆ ವ್ಯವಹಾರ ಮಾಡಬೇಕೆಂದು ಮನಸ್ಸು ಮಾಡುತ್ತಿದ್ದರೋ ಅವರನ್ನೆಲ್ಲ ‘ಅಳಿಯ’ ಎಂದು ಕರೆಯುತ್ತಿದ್ದರು. ಅವರ ಬಾಯಲ್ಲಿ ಅಳಿಯ ಅನ್ನಿಸಿಕೊಂಡ ದಿನವೇ ನಾವು ನಮ್ಮ ಪತ್ರಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕಿತ್ತು. ನಾವು ಕಾಫಿ ಕಾಸಿ ಕೊಟ್ಟೆವು.

ಮೊದಲು ಅವರು ದನದ ದಲ್ಲಾಳಿ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಯಾವ ಸಂತೆಗೆ ಹೋದರೂ ಅವರ ಟವೆಲ್ಲು ಕಾಣುತ್ತಿತ್ತು. ಎತ್ತು ಕೊಳ್ಳುವವರ ಸಂಖ್ಯೆ ಇಳಿದು ಸೈಟು ಕೊಳ್ಳುವವರ ಸಂಖ್ಯೆ ಏರತೊಡಗಿದಾಗ, ನಮ್ಮ ಕಡೆ ಅದನ್ನು ಮೊದಲು ಮೂಸಿ ನೋಡಿದ ಮೂಗು ಅವರದು. ಆದರೆ ದಂಧೆ ಬದಲಾಯಿಸಿದರೂ ಅಭ್ಯಾಸ ಬದಲಾಯಿಸಲಿಲ್ಲ. ಹೊಲ ನೋಡಲು ಬಂದರೆ ಎತ್ತು ನೋಡುವ ಹಾಗೆಯೇ ನೋಡುತ್ತಿದ್ದರು. ಒಂದು ಸುತ್ತು ಹಾಕುವುದು, ಹಿಂದಕ್ಕೆ ಹೋಗಿ ನಿಲ್ಲುವುದು, ಕಾಲಿನಿಂದ ಮಣ್ಣು ಒದ್ದು ನೋಡುವುದು. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿ ನೋಡಿ ಒಳ್ಳೆಯದು ಕೆಟ್ಟದು ಹೇಳುತ್ತಾರಲ್ಲ, ಹಾಗೆಯೇ ಜಮೀನಿಗೂ ಸುಳಿ ಇದೆ ಎನ್ನುತ್ತಿದ್ದರು.

“ಈ ಒಲಕ್ಕೆ ಸುಳಿ ಬೆನ್ಮೇಲದೆ ಕಣಳಿಯ. ಮಡಿಕಂಡೋನ್ಗೆ ಲಾಭಿಲ್ಲ, ಮಾರ್ದೋನ್ಗೆ ಲಾಭ.”

ಅವರು ಕೊಳ್ಳಬೇಕೆಂದಿದ್ದ ಜಮೀನಿಗೆಲ್ಲ ಸುಳಿ ಬೆನ್ನ ಮೇಲೆಯೇ ಇರುತ್ತಿತ್ತು ಎಂಬುದು ನನಗೆ ಗೊತ್ತಾಗಲು ಕಾಲ ಹಿಡಿಯಿತು.

ಇನ್ನೊಂದು ಗುಣ ಹೇಳಲೇಬೇಕು. ಬೆಳೆ ಇದ್ದ ಹೊಲದೊಳಗೆ ಎಂದೂ ಕಾಲಿಡುತ್ತಿರಲಿಲ್ಲ. ಬದುವಿನ ಮೇಲೆಯೇ ನಡೆಯುತ್ತಿದ್ದರು. ಯಾರಾದರೂ ಹುಡುಗರು ಅಡ್ಡ ಹಾದರೆ, “ಲೇ, ಅನ್ನ ತುಳೀಬ್ಯಾಡ್ರುಲಾ” ಎಂದು ಗದರುತ್ತಿದ್ದರು. ಮುಂದಿನ ವರ್ಷ ಅದೇ ಹೊಲದ ಮೇಲೆ ಜೆಸಿಬಿ ತರಿಸಿ ಕೆಂಪು ಮಣ್ಣು ಹೊಡೆಸುತ್ತಿದ್ದರು. ಎರಡೂ ಒಂದೇ ಮನಸ್ಸಿನಿಂದ ಮಾಡುತ್ತಿದ್ದರು. ಅದರಲ್ಲಿ ನಾಟಕ ಇರಲಿಲ್ಲ.

ಟವೆಲ್ಲಿನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮಾವ ಸೈಟಿನ ವ್ಯಾಪಾರವನ್ನೂ ಹಾಗೆಯೇ ಮಾಡುತ್ತಿದ್ದರು. ಒಮ್ಮೆ ಮೈಸೂರಿನಿಂದ ಬ್ಯಾಂಕಿನ ಅಧಿಕಾರಿಯೊಬ್ಬರು ಹೆಂಡತಿ ಸಮೇತ ಸೈಟು ನೋಡಲು ಬಂದಿದ್ದರು. ಮಾವ ಟವೆಲ್ಲು ಹೊದಿಸಿ ಅವರ ಬೆರಳು ಹಿಡಿದು ಅಮುಕಿದರು. ಪಾಪ, ಆ ಮನುಷ್ಯನಿಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕುಬಿಟ್ಟರು.

“ನಗ್ತಾವ್ರೆ ಅಂದ್ಮೇಲೆ ಒಪ್ಗೆ ಆದಂಗೆ ಬುಡವ್ವ!” ಎಂದು ಅವರ ಹೆಂಡತಿಯ ಕಡೆ ತಿರುಗಿ ಘೋಷಿಸಿದರು ಮಾವ. ಆ ಹೆಂಗಸೂ ನಕ್ಕರು. ನಾಲ್ಕು ಜನ ಕೈ ತಟ್ಟಿದರು. ಅಷ್ಟು ಜನರ ಎದುರು ಒಪ್ಪಿಲ್ಲ ಎನ್ನಲು ಆ ಅಧಿಕಾರಿಗೆ ನಾಚಿಕೆಯಾಯಿತು. ಸೈಟು ತೆಗೆದುಕೊಂಡರು.

ನಾನು ಆಗ ಹಳೆಯ ಬಾಗಿಲು ಕಿಟಕಿಯ ವ್ಯಾಪಾರ ಶುರು ಮಾಡಿದ್ದೆ. ಹಳ್ಳಿಗಳಲ್ಲಿ ಹಳೇ ಮನೆ ಕೆಡವಿದರೆ ತೇಗದ ಬಾಗಿಲು, ತೊಲೆ, ಕಂಬ ಕೊಂಡು ತಂದು ಮೈಸೂರಿನವರಿಗೆ ಮಾರುವುದು. ಮೊದಲು ಸೈಕಲ್ಲಿನ ಮೇಲೆ ಒಂದೊಂದೇ ಕಿಟಕಿ ಕಟ್ಟಿಕೊಂಡು ಬರುತ್ತಿದ್ದೆ. ಮಾವ ತಮ್ಮ ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ನಾಲ್ಕು ತಾಲ್ಲೂಕು ಸುತ್ತಿಸಿದರು. ಅವರಿಗೆ ಯಾವ ಊರಿನಲ್ಲಿ ಯಾರು ಮಾರುತ್ತಾರೆ ಎಂಬ ಸುದ್ದಿ ಬೇಕು, ನನಗೆ ಯಾವ ಮನೆ ಬೀಳುತ್ತದೆ ಎಂಬ ಸುದ್ದಿ ಬೇಕು. ಸುದ್ದಿ ಎರಡೂ ಒಂದೇ ಮನೆಯಲ್ಲಿ ಸಿಗುತ್ತಿತ್ತು.

ಆ ತಿರುಗಾಟದಲ್ಲಿ ಅವರು ಕಲಿಸಿದ್ದನ್ನು ನಾನು ಇವತ್ತಿಗೂ ತಿನ್ನುತ್ತಿದ್ದೇನೆ. ಮಿರ್ಲೆಯ ಹತ್ತಿರ ಗದ್ದೆ ಬಯಲು ನೋಡುತ್ತಾ, “ಕೆ.ಆರ್. ನಗರದೋನ್ಗೆ ಜಮೀನು ಕೇಳ್ಬ್ಯಾಡ ಕಣ್ಲಾ. ಕಾಲ್ವೆ ನೀರು ಕುಡ್ದವ್ನೆ, ನಿನ್ನ ಟೀ ಕುಡ್ಯಾಕಿಲ್ಲ,” ಎಂದರು. ಬೀಚನಹಳ್ಳಿಯ ಕಡೆ ಹೋದಾಗ ಹಿನ್ನೀರಿನ ಅಂಚಿಗೆ ರೆಸಾರ್ಟಿನ ಬೇಲಿ, ಅದರ ಪಕ್ಕದಲ್ಲೇ ಕೊಡ ಹೊತ್ತು ನಡೆಯುವ ಹೆಂಗಸರು. ಮಾವ ಬೈಕು ನಿಲ್ಲಿಸಿ ಬಹಳ ಹೊತ್ತು ನೋಡಿದರು. “ಅಭಿರುದ್ಧಿ ಅಂದ್ರೆ ಮಳೆ ಇದ್ದಂಗಲ್ಲ ಅಳಿಯ, ಎಲ್ರ ಮ್ಯಾಲೂ ಬೀಳಕ್ಕೆ. ಟಾರ್ಚು ಇದ್ದಂಗೆ. ಯಾರ್ ಕೈಲದೋ ಅವ್ನ್ ಮುಂದಕ್ಕೆ ಮಾತ್ರ ಬೆಳ್ಕು.” ಈ ಮಾತನ್ನು ಪುಸ್ತಕ ಓದಿದವರ ಬಾಯಲ್ಲೂ ನಾನು ಕೇಳಿಲ್ಲ. ಇಷ್ಟು ಚೆನ್ನಾಗಿ ತಿಳಿದಿದ್ದ ಮನುಷ್ಯ ಟಾರ್ಚನ್ನು ಯಾರ ಕಣ್ಣಿಗೆ ಬಿಟ್ಟರು ಎಂಬುದೇ ನನ್ನ ದೂರು.

ಅವರ ಹೆಸರಾದ ಮಾತು ಇನ್ನೊಂದಿತ್ತು. “ನಾವು ಮೈಸೂರ್ಗೆ ಓಗೋ ಕಾಲ ಓಯ್ತು. ಈಗ ಮೈಸೂರೇ ಇಲ್ಗಂಟ ಬತ್ತಾ ಅದೆ. ಎದ್ದು ಸೀಟು ಬುಟ್ಕೊಡು.” ಹುಣಸೂರು ರಸ್ತೆಯಲ್ಲಿ ಅದು ನಿಜವೇ ಆಗುತ್ತಿತ್ತು. ರಸ್ತೆಯ ಅಂಚಿಗೆ ಟೈಲ್ಸ್ ಅಂಗಡಿ, ಕಲ್ಯಾಣ ಮಂಟಪ, ಕಣ್ಣು ಕುಕ್ಕುವ ದೀಪ. ಅಲ್ಲಿಂದ ಒಂದು ಕೂಗಳತೆ ಒಳಕ್ಕೆ ಹೋದರೆ ಚರಂಡಿ ಇಲ್ಲದ ಬೀದಿ, ಟ್ಯಾಂಕರ್ ನೀರಿಗೆ ಕಾಯುವ ಡ್ರಮ್ಮು.

ಸೈಟು ತೋರಿಸುವಾಗ ಅವರು ಬೆರಳು ತೋರಿಸುತ್ತಿರಲಿಲ್ಲ, ಇಡೀ ತೋಳು ಬೀಸುತ್ತಿದ್ದರು. “ಅಗೋ, ಅಲ್ಲಿ ಆಸ್ಪತ್ರೆ. ಈ ಕಡೀಕೆ ಇಸ್ಕೂಲು. ಅಲ್ಲಿ ಮೇಕೆ ಮೇಯ್ತಾವಲ್ಲ, ಅದು ಪಾರ್ಕು.” ಮೇಕೆಗಳು ತಲೆ ಎತ್ತಿ ನೋಡುತ್ತಿದ್ದವು. ಯಾವಾಗ ಬರುತ್ತದೆ ಎಂದು ಯಾರಾದರೂ ಕೇಳಿದರೆ, “ಮುಂದೆ ಬತ್ತದೆ” ಎನ್ನುತ್ತಿದ್ದರು. ಬರುತ್ತದೆ ಎಂದದ್ದು ಸುಳ್ಳಲ್ಲ, ಯಾವಾಗ ಎಂದು ಹೇಳಲೇ ಇಲ್ಲವಲ್ಲ. ಅವರು ಸುಳ್ಳು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವರ ಕೈಚಳಕವೇ ಅದು. ಸುಳ್ಳನ್ನು ನಾವೇ ಹೇಳಿಕೊಳ್ಳುವ ಹಾಗೆ ಮಾಡುತ್ತಿದ್ದರು.

ಈಗ ನಮ್ಮ ವಿಷಯ. ನಮಗೆ ಎರಡು ತುಂಡು ಹೊಲ. ಮುಂದಿನದು ರಸ್ತೆಗೆ ತಾಗಿದ್ದು, ಹಿಂದಿನದು ಕೆರೆಯ ಕಡೆಗೆ. ಮುಂದಿನ ಹೊಲದ ಅಂಚಿನಲ್ಲಿ ಬಂಡಿದಾರಿ, ಅದರ ಮೇಲೆ ಹೋದರೆ ಹಿಂದಿನ ಹೊಲ. ಅಪ್ಪ ತೀರಿಕೊಂಡ ಮೇಲೆ ಎರಡನ್ನೂ ಅವ್ವನೇ ನೋಡುತ್ತಿದ್ದಳು. ನನ್ನ ಬಾಗಿಲ ವ್ಯಾಪಾರಕ್ಕೆ ಶೆಡ್ಡು ಹಾಕಬೇಕಿತ್ತು, ಮುಂದಿನ ಹೊಲ ಮಾರೋಣ ಎಂದೆ. ಮಾವ ಆಗಲೇ ಅಕ್ಕಪಕ್ಕದ ಜಮೀನೆಲ್ಲ ಕೊಂಡು ಬಡಾವಣೆಗೆ ಗೆರೆ ಎಳೆಸುತ್ತಿದ್ದರು. ಅವ್ವ ಒಂದೇ ಮಾತು ಹಿಡಿದಳು: ಹಿಂದಿನ ಹೊಲಕ್ಕೆ ದಾರಿ ಇರಬೇಕು. ಅವಳು ಮಾವನನ್ನು ಅಣ್ಣ ಎನ್ನುತ್ತಿದ್ದಳು, ಅವರು ಅವಳನ್ನು ತಂಗ್ಯವ್ವ ಎನ್ನುತ್ತಿದ್ದರು. ನಮ್ಮ ಜಗಲಿಯ ಮೇಲೆ ಕೂತು ಮಾವ, “ದಾರಿ ಬುಡ್ದೇ ಇದ್ದಾತಾ ತಂಗ್ಯವ್ವ? ಪತ್ರದಲ್ಲೇ ಬರ್ಸ್ತೀನಿ,” ಎಂದರು.

ಬರೆಸಿದರು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಪತ್ರ ಬರೆಯುವವರು ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ನಾಲ್ಕು ದಿಕ್ಕಿನ ಚೆಕ್ಕುಬಂದಿ ಆಯಿತು, ಮರಗಳ ಹಕ್ಕು ಹೇಳುವ ಮರ ಮಾಲ್ಕಿ ಆಯಿತು. ಆಮೇಲೆ ಆ ಸಾಲು ಬಂತು. “ಹಿಂಭಾಗದ ಜಮೀನಿಗೆ ಹೋಗಲು ಸದರಿ ಸ್ವತ್ತಿನಲ್ಲಿದ್ದ ಬಂಡಿದಾರಿಯನ್ನು ಬಿಟ್ಟಿರುತ್ತೇವೆ.”

ಅವ್ವ ಕೈ ಎತ್ತಿ ನಿಲ್ಲಿಸಿದಳು. “ದಾರಿ ಇಚಾರ ಏನಂದ್ರಿ?”

“ಬುಟ್ಟದೆ ಕಣ್ ತಂಗ್ಯವ್ವ. ಈಗ್ಲೇ ಓದಿದ್ರಲ್ಲ, ಕೇಳ್ನಿಲ್ವಾ?” ಎಂದರು ಮಾವ.

ಅವ್ವ ನನ್ನ ಮುಖ ನೋಡಿದಳು. “ಊಂ ಕಣವ್ವ, ಬಿಟ್ಟದೆ,” ಎಂದೆ ನಾನೂ. ದಾರಿ ಬಿಡುವುದು ಎಂದರೆ ನಮ್ಮ ಕಡೆ ಇನ್ನೊಬ್ಬರು ಓಡಾಡಲು ಜಾಗ ಉಳಿಸುವುದು. ಮನೆ ಕಟ್ಟುವಾಗ ದಾರಿ ಬಿಟ್ಟೆಯಾ ಅನ್ನುತ್ತೇವೆ, ಬೇಲಿ ಹಾಕುವಾಗ ದಾರಿ ಬಿಡು ಅನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಅವ್ವ ಸಹಿ ಮಾಡಿದಳು, ನಾನು ಮಾಡಿದೆ. ಮಾವ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು.

ಬಡಾವಣೆ ಎದ್ದಿತು. ಕಮಾನು, ಕಾರಂಜಿಯ ಚಿತ್ರವಿದ್ದ ಬೋರ್ಡು, ಓಡುವ ಹುಡುಗಿಯ ಚಿತ್ರ. ಬಂಡಿದಾರಿಯ ಮೇಲೆ ಜಲ್ಲಿ ಬಿದ್ದು ಅದು ಬಡಾವಣೆಯ ರಸ್ತೆಯೇ ಆಯಿತು. ನಮಗೇನು, ಜಲ್ಲಿ ಹಾಕಿದರೆ ಗಾಡಿ ಇನ್ನೂ ಹಗುರ ಎಂದುಕೊಂಡೆವು. ಆಮೇಲೆ ಒಂದು ಬೆಳಗ್ಗೆ ಅವ್ವ ಗೊಬ್ಬರದ ಗಾಡಿ ಹೊಡೆದುಕೊಂಡು ಹೋದರೆ ದಾರಿಯ ಕೊನೆಯಲ್ಲಿ ಸಿಮೆಂಟ್ ಇಟ್ಟಿಗೆಯ ಗೋಡೆ. ಎತ್ತುಗಳು ಅಭ್ಯಾಸದಂತೆ ನಡೆದು ಗೋಡೆಗೆ ಮೂತಿ ತಾಗಿಸಿ ನಿಂತವಂತೆ. ಗೋಡೆಯ ಈಚೆಗೆ, ದಾರಿ ಮುಗಿಯುವ ಆ ಜಾಗದಲ್ಲೇ, ಮಾವ ತಮ್ಮ ಸ್ವಂತ ಮನೆಗೆ ಪಾಯ ತೆಗೆಸುತ್ತಿದ್ದರು.

ಅವ್ವನೂ ನಾನೂ ಅವರ ಹತ್ತಿರ ಹೋದೆವು. ಅವರು ಅಡಗಿ ಕೂರುವ ಜನ ಅಲ್ಲ. ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು, ಪತ್ರದ ನಕಲನ್ನು ತಾವೇ ತೆಗೆದುಕೊಂಡು ಬಂದರು. ಆ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು.

“ಬಿಟ್ಟಿರುತ್ತೇವೆ. ಯಾರು ಬುಟ್ಟಿರಾದು ತಂಗ್ಯವ್ವ? ಬರ್ಕೊಟ್ಟೋರು ಯಾರು? ನೀವು. ಸೈನು ಯಾರ್ದು? ನಿಮ್ದು. ನೀವು ದಾರಿ ಬುಟ್ಟಿದ್ದೀರಿ. ಬುಟ್ಟ್ ಮ್ಯಾಲೆ ಮುಗೀತು.”

“ನೀ ಅಂಗಂದ್ಯಾ ಅಣ್ಣ ಅವತ್ತು?”

“ಬುಟ್ಟದೆ ಅಂದೆ. ಸುಳ್ಳು ಯೋಳಿದ್ನಾ? ನೀನೇ ಯೋಳು.”

ಅವ್ವ ಬಹಳ ಹೊತ್ತು ಆ ಸಾಲನ್ನೇ ನೋಡಿದಳು. “ಇಲ್ಲ,” ಎಂದಳು. ಅವಳ ಬಾಯಿಂದ ಆ ‘ಇಲ್ಲ’ ಅನ್ನಿಸಿದ್ದನ್ನು ನಾನು ಅವರಿಗೆ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ದಾರಿ ಕಿತ್ತುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕಿತ್ತುಕೊಂಡದ್ದು ನ್ಯಾಯ ಎಂದು ಕಳೆದುಕೊಂಡವರ ಬಾಯಲ್ಲೇ ಹೇಳಿಸುವವರು ಕಡಿಮೆ.

ವಕೀಲರ ಹತ್ತಿರ ಹೋದೆ. ಅವರು ಕನ್ನಡಕ ಒರೆಸಿಕೊಂಡು, “ಕೇಸು ಹಾಕಬಹುದು. ಕೆರೆ ಏರಿಯ ಮೇಲೆ ದಾರಿ ಇದೆಯಲ್ಲ ಅಂತ ಆ ಕಡೆಯವರು ಹೇಳ್ತಾರೆ. ತೀರ್ಪು ನಿಮ್ಮ ಮೊಮ್ಮಕ್ಕಳು ಕೇಳ್ತಾರೆ,” ಎಂದರು. ಏರಿಯ ಮೇಲೆ ಮನುಷ್ಯ ನಡೆಯಬಹುದು. ಗಾಡಿ ಹೋಗದು, ಟ್ರ್ಯಾಕ್ಟರ್ ಹೋಗದು. ಅವ್ವ ಒಂದು ಸುಗ್ಗಿಯ ರಾಗಿಯನ್ನು ತಲೆಯ ಮೇಲೆ ಹೊರೆ ಹೊರೆಯಾಗಿ ಏರಿ ಸುತ್ತಿ ಹೊತ್ತಳು. ಮುಂದಿನ ಸಲ ಬಿತ್ತಲಿಲ್ಲ. ಎತ್ತು ಮಾರಿದೆವು. ಹೊಲದ ತುಂಬ ಪಾರ್ಥೇನಿಯಂ ಎದ್ದಿತು.

ಆದರೂ ಅವ್ವ ದಿನಾ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಪಾರ್ಥೇನಿಯಂ ಕಿತ್ತು, ಹೂವು ಬಿಟ್ಟ ಗಿಡವನ್ನೇ ಆರಿಸಿ, ಗೋಡೆಯಾಚೆ ಮಾವನ ಅಂಗಳಕ್ಕೆ ಎಸೆಯುತ್ತಿದ್ದಳು. “ಬಡಾವಣೆ ಕಾಗ್ದದಲ್ಲಿ ಪಾರ್ಕು ಅಂತ ಬರ್ಕಂಡವ್ರಲ್ಲ. ಹಸ್ರು ಬ್ಯಾಡ್ವಾ ಮತ್ತೆ?” ಎಂದು ನನಗೆ ಹೇಳುವಾಗ ಅವಳ ಮುಖದಲ್ಲಿ ನಾನು ಚಿಕ್ಕಂದಿನಿಂದ ಕಂಡಿಲ್ಲದ ಒಂದು ಗಂಟು ಬಿದ್ದಿತ್ತು. ಮಾವ ಒಂದು ದಿನವೂ ಜಗಳಕ್ಕೆ ಬರಲಿಲ್ಲ. ಆಳಿನ ಕೈಲಿ ಗುಡಿಸಿ ಹಾಕಿಸುತ್ತಿದ್ದರು. ದಾರಿಯಲ್ಲಿ ಸಿಕ್ಕರೆ, “ಚೆನ್ನಾಗಿದ್ದೀಯ ಅಳಿಯ?” ಎನ್ನುತ್ತಿದ್ದರು. “ನಿಮ್ಮ ಆಶೀರ್ವಾದ ಮಾವ,” ಎನ್ನುತ್ತಿದ್ದೆ. ಸಿಟ್ಟನ್ನು ಮುಖದ ಮೇಲೆ ಇಟ್ಟುಕೊಂಡು ತಿರುಗಿದರೆ ಎದುರಿನವನು ಎಚ್ಚರವಾಗುತ್ತಾನೆ. ನಾನು ಅದನ್ನು ಒಳಗಿನ ಜೇಬಿನಲ್ಲಿ ಇಟ್ಟುಕೊಂಡೆ.

ನಮ್ಮ ಹೊಲದ ಹಿಂದೆ, ಕೆರೆಯ ಈಚೆ ದಡದ ಹತ್ತಿರ, ಅಳತೆಯವರು ಬಂದು ಕಲ್ಲು ನೆಟ್ಟದ್ದನ್ನು ಮೊದಲು ಕಂಡವಳು ಅವ್ವ. ದಿನಾ ಅಲ್ಲಿರುತ್ತಿದ್ದವಳು ಅವಳೊಬ್ಬಳೇ ತಾನೆ. ನಾನು ಹೋಗಿ ಅವರಿಗೆ ಎಳನೀರು ಕೊಡಿಸಿ ಮಾತಾಡಿಸಿದೆ. ನಗರವನ್ನು ಸುತ್ತಿ ಬರುವ ದೊಡ್ಡ ರಸ್ತೆ, ಈ ಕಡೆಯಿಂದ ಹಾಯುತ್ತದೆ ಎಂದರು. ಮಾವ ಇಷ್ಟು ವರ್ಷ ‘ಮುಂದೆ ಬತ್ತದೆ’ ಎಂದು ತೋಳು ಬೀಸಿ ಮಾರಿದ್ದು ಬಂದೇಬಿಟ್ಟಿತ್ತು. ಹಿಂದಿನಿಂದ ಬಂದಿತ್ತು, ಅಷ್ಟೆ.

ಯಾರಿಗೂ ಹೇಳಲಿಲ್ಲ. ಬಡಾವಣೆಯ ಹಿಂಗೋಡೆಯ ಉದ್ದಕ್ಕೂ ನಮ್ಮ ಹೊಲದ ಎರಡೂ ಮಗ್ಗುಲಲ್ಲಿ ಬೇರೆಯವರ ಸಣ್ಣ ಸಣ್ಣ ತುಂಡುಗಳಿದ್ದವು. ದಾರಿ ಇಲ್ಲದೆ ಅವೂ ಪಾಳು ಬಿದ್ದಿದ್ದವು. ಬಾಗಿಲು ಮಾರಿ ಬಂದದ್ದರಲ್ಲಿ ಒಂದೊಂದನ್ನೇ ಕೊಂಡೆ. ಟವೆಲ್ಲು ಹೊದಿಸಿಯೇ ಕೊಂಡೆ, ಯಾರಿಗೆ ಎಷ್ಟು ಕೊಟ್ಟೆ ಎಂದು ಪಕ್ಕದವನಿಗೆ ತಿಳಿಯಬಾರದಲ್ಲ. ಕಲಿಸಿದವರು ಇಷ್ಟು ಹತ್ತಿರದಲ್ಲಿ ವಾಸವಾಗಿರುವಾಗ ವಿದ್ಯೆ ಮರೆಯುವುದು ಹೇಗೆ? ಕೊನೆಯ ತುಂಡು ನೋಂದಣಿ ಆದ ದಿನ ಮಾವನ ಬಡಾವಣೆಯ ಬೆನ್ನಿಗೆ ಈ ತುದಿಯಿಂದ ಆ ತುದಿಯವರೆಗೆ ನಾನೇ ನಿಂತಿದ್ದೆ.

ಆ ತುಂಡುಗಳೆಲ್ಲ ಈಗ ನನ್ನವು ಎಂದು ಮಾವನಿಗೆ ಗೊತ್ತಾದದ್ದು ರಸ್ತೆಯ ಮಣ್ಣು ಬೀಳತೊಡಗಿದ ಮೇಲೆ. ಅಷ್ಟರಲ್ಲಿ ಅವರು ಬಡಾವಣೆಯ ಎರಡನೇ ಹಂತದ ಸೈಟುಗಳಿಗೆ, ‘ಹೊಸ ರಸ್ತೆಗೆ ನೇರ ದಾರಿ’ ಎಂದು ಬೋರ್ಡು ಹಾಕಿಸಿ ಮುಂಗಡ ಹಿಡಿದುಬಿಟ್ಟಿದ್ದರು. ಜೀವಮಾನದಲ್ಲಿ ಅವರು ಬರೆಸಿದ ಮೊದಲನೆಯ ಸುಳ್ಳು ಅದೇ ಇರಬೇಕು, ಅದೂ ಗೊತ್ತಿಲ್ಲದೆ ಬರೆಸಿದ್ದು. ಹೊಸ ರಸ್ತೆಗೂ ಅವರಿಗೂ ನಡುವೆ ಇದ್ದದ್ದು ಅವರ ಗೋಡೆ, ಆಮೇಲೆ ನಾನು.

ಒಂದು ಸಂಜೆ ಬಂದರು. ನಾನೂ ಅವ್ವನೂ ಹಿಂದಿನ ಹೊಲದಲ್ಲಿ ನಾನು ಹೊಸದಾಗಿ ಹಾಕಿಸಿದ್ದ ಶೆಡ್ಡಿನ ಮುಂದೆ ಅವರೆಕಾಯಿ ಸುಲಿಯುತ್ತಿದ್ದೆವು. ಅವರ ಮನೆ ಗೋಡೆಯ ಆಚೆಯೇ, ಕೆಮ್ಮಿದರೆ ಕೇಳಿಸುತ್ತದೆ. ಆದರೆ ಈಚೆ ಬರಬೇಕಾದರೆ ಇಡೀ ಕೆರೆ ಏರಿ ಸುತ್ತಬೇಕು. ಮಂಡಿ ನೋವಿನವರು, ನಡೆದೇ ಬಂದಿದ್ದರು. ಬಿಳಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವ್ವ ಎದ್ದು ನೀರು ಕೊಟ್ಟಳು. ಮಾತು ಮಾತ್ರ ಕೊಡಲಿಲ್ಲ.

“ಅಳಿಯ,” ಎಂದರು.

“ಬನ್ನಿ ಮಾವ.”

“ನಿನ್ ಒಲದ್ ಮ್ಯಾಲೊಂದು ರಸ್ತೆ ಬೇಕಲ್ಲ ಕಣಪ್ಪ. ಮುಂಗ್ಡ ಕೊಟ್ಟೋರು ಅಟ್ಟಿ ಬಾಗ್ಲಿಗೆ ಬಂದ್ ಕುಂತವ್ರೆ. ನನ್ ಮರ್ವಾದಿ ಪ್ರಶ್ನೆ.”

ಹೆಗಲಿಂದ ಟವೆಲ್ಲು ತೆಗೆದು ನನ್ನ ಕೈ ಮೇಲೆ ಹೊದಿಸಿದರು. ಒಳಗೆ ಅವರ ಬೆರಳುಗಳು ನನ್ನ ಬೆರಳುಗಳನ್ನು ಹುಡುಕಿದವು. ಒಂದು ಬೆಲೆ ಹೇಳಿದರು. ನಾನು ಮುಷ್ಟಿ ಬಿಗಿ ಹಿಡಿದೆ. ಏರಿಸಿದರು. ಮುಷ್ಟಿ ಬಿಚ್ಚಲಿಲ್ಲ. ಮತ್ತೆ ಏರಿಸಿದರು. ಅಷ್ಟು ಸಂತೆಗಳನ್ನು ಆಳಿದ ಬೆರಳುಗಳು ನನ್ನ ಮುಷ್ಟಿ ಬಿಚ್ಚಲು ನೋಡುತ್ತಿದ್ದವು. ನನಗೆ ಅದು ಹಿತವಾಗಿತ್ತು.

“ಏನಾರ ಒಂದ್ ಯೋಳ್ಲಾ,” ಎಂದರು ಕೊನೆಗೆ.

“ಬುಟ್ಟಿದ್ದೀನಿ ಮಾವ,” ಎಂದೆ.

ಅವರ ಮುಖ ಅರಳಿತು. “ದಾರಿಯಾ?”

“ಆ ಇಚಾರಾನ.”

ಟವೆಲ್ಲಿನೊಳಗೆ ನನ್ನ ಕೈ ಬಿಟ್ಟರು. ಆಮೇಲೆ ನಕ್ಕರು. ನಿಜವಾಗಿ ನಕ್ಕರು, ಹೊಟ್ಟೆ ಅಲುಗುವ ಹಾಗೆ. “ಕಲ್ತ್ಕಂಡ್ಬುಟ್ಟೆ ಕಣ್ಲಾ, ಕಳ್ನನ್ಮಗ್ನೆ,” ಎಂದು ಟವೆಲ್ಲು ಮಡಿಸಿ ಹೆಗಲಿಗೆ ಹಾಕಿಕೊಂಡರು. ಆ ನಗುವಿಗಾಗಿ ನನಗೆ ಅವರ ಮೇಲೆ ಇವತ್ತಿಗೂ ಗೌರವ ಇದೆ. ದ್ವೇಷವೂ ಇದೆ. ಒಂದು ಇನ್ನೊಂದನ್ನು ತಿಂದು ಹಾಕಿಲ್ಲ.

ಹೊರಡುವಾಗ ಅವ್ವನ ಕಡೆ ತಿರುಗಿದರು. “ತಂಗ್ಯವ್ವ, ಮಂಡಿ ನೋವು, ಮತ್ತೆ ಅಷ್ಟ್ ದೂರ ನಡ್ಯಾಕಾಗಲ್ಲ. ಒಂದ್ ಏಣಿ ಇದ್ರೆ ಗ್ವಾಡೆ ಹತ್ತಿ ಆಚ್ಗೆ ಇಳ್ಕತೀನಿ.”

ಏಣಿ ಶೆಡ್ಡಿಗೆ ಒರಗಿಸಿಯೇ ಇತ್ತು. ಅವ್ವ ಅದರ ಮುಂದೆಯೇ ನಿಂತಿದ್ದಳು. ನಾನು ಅವಳನ್ನು ನೋಡಿದೆ. ಹೆಂಗಸು, ವಯಸ್ಸಾದವಳು, ಕರುಣೆ ತೋರಿಸುತ್ತಾಳೇನೋ, ತೋರಿಸಿದರೆ ತಡೆಯಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದೆ. ಅಗತ್ಯ ಬೀಳಲಿಲ್ಲ.

“ಏರಿ ಮ್ಯಾಲೇ ಓಗಣ್ಣ,” ಎಂದಳು. “ತಲೆ ಮ್ಯಾಲೆ ರಾಗಿ ಹೊರೆ ಇಲ್ವಲ್ಲ. ಅಗೂರ್ಕೇ ಓಗ್ಬೋದು.”

ಅವರು ಹೋದರು. ಏರಿಯ ಮೇಲೆ ಆ ಬಿಳಿ ಅಂಗಿ ನಿಂತು ನಿಂತು ಸಾಗುವುದನ್ನು ನಾವಿಬ್ಬರೂ ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡಿದೆವು. ಅವ್ವ ಮತ್ತೆ ಕೂತು ಅವರೆಕಾಯಿ ಸುಲಿಯತೊಡಗಿದಳು. ಬಹಳ ದಿನಗಳ ಮೇಲೆ ಏನೋ ಒಂದು ಸೋಬಾನೆ ಪದ ಗುನುಗಿದಳು.

ಅದಾದ ಮೇಲೆ ಅವರು ಮತ್ತೆ ಬರಲಿಲ್ಲ. ಮುಂಗಡದವರ ಕಾಟದಲ್ಲೇ ಹಾಸಿಗೆ ಹಿಡಿದರು ಎಂದು ಜನ ಹೇಳುತ್ತಾರೆ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರಂತೆ. ನಾನು ಯಾವುದನ್ನೂ ಅಲ್ಲಗಳೆಯಲು ಹೋಗಿಲ್ಲ.

ತಿಥಿಗೆ ಹೋಗಿದ್ದೆ. ಅವ್ವ ಬರಲಿಲ್ಲ. ಊಟ ಚೆನ್ನಾಗಿತ್ತು, ಎರಡನೇ ಸಲ ಬಡಿಸಿಕೊಂಡು ತಿಂದೆ. ಕೈ ತೊಳೆಯುವ ಜಾಗದಲ್ಲಿ ಅವರ ಹಿರಿಯ ಮಗ ಬಂದು ಕೈ ಮುಗಿದ. ತಂದೆಯ ಹಾಗಲ್ಲ, ಮೆತ್ತನೆಯ ಹುಡುಗ, ಮೈಸೂರಿನಲ್ಲಿ ಬಟ್ಟೆ ಅಂಗಡಿ ಇದೆ.

“ಅಣ್ಣ, ಅಪ್ಪ ಓಯ್ತು. ಇನ್ನಾರ ದಾರಿ ಕೊಡಣ್ಣ. ಗೋಡೇಲಿ ಎಲ್ ಬೇಕಾದ್ರೂ ಒಡಸ್ತೀನಿ. ನೀನ್ ಹೇಳ್ದಷ್ಟು ಕೊಡ್ತೀನಿ.”

“ಕೊಡ್ತೀನಿ ಕಣಪ್ಪ,” ಎಂದೆ. “ನಂಗೆ ಜಾಸ್ತಿ ಏನೂ ಬ್ಯಾಡ. ಹಳೇ ದಾರಿ ಎಲ್ಲಿತ್ತೋ ಅಲ್ಲೇ ಬರ್ಲಿ.”

ಅವನು ಒಂದು ಕ್ಷಣ ಸಂತೋಷಪಟ್ಟ. ಆಮೇಲೆ ಹಳೆಯ ದಾರಿ ಎಲ್ಲಿತ್ತು ಎಂಬುದು ನೆನಪಾಗಿ ತನ್ನ ಮನೆಯ ಕಡೆ ತಿರುಗಿ ನೋಡಿದ. ಅಲ್ಲಿ ಈಗ ಪೋರ್ಟಿಕೊ ಇದೆ. ಗ್ರಾನೈಟ್ ಹಾಸಿದ, ಎರಡು ಕಂಬದ ಪೋರ್ಟಿಕೊ, ಅದರ ಹಿಂದೆ ಮಾವ ಮಲಗುತ್ತಿದ್ದ ಕೋಣೆ.

“ಅದು ಅಪ್ಪ ಕಟ್ಸಿದ್ದು ಅಣ್ಣ.”

“ಗೊತ್ತು ಕಣಪ್ಪ. ಕಟ್ಟಿಸ್ವಾಗ ಗೋಡೆಯಾಚೆ ನಿಂತ್ಕಂಡು ನೋಡಿದ್ದೀವಿ.”

ಯೋಚನೆ ಮಾಡುತ್ತೇನೆ ಎಂದಿದ್ದಾನೆ. ಗೋಡೆಯ ಬೇರೆ ಯಾವ ಜಾಗದಲ್ಲಿ ಒಡೆದರೂ ನನಗೆ ನಷ್ಟವಿಲ್ಲ, ಅವನಿಗೂ ಕಷ್ಟವಿಲ್ಲ ಎಂಬುದು ನನಗೆ ಗೊತ್ತಿದೆ. ಅವ್ವನಿಗೆ ಈಗ ಆ ದಾರಿಯ ಅಗತ್ಯವೂ ಇಲ್ಲ, ಹೊಸ ರಸ್ತೆಯಿಂದ ನೇರವಾಗಿ ಹೊಲಕ್ಕೆ ಇಳಿಯಬಹುದು. ಅಗತ್ಯ ಇದ್ದಿದ್ದರೆ ರಾಜಿ ಮಾಡಿಕೊಳ್ಳುತ್ತಿದ್ದೆವೇನೋ. ಮನೆಗೆ ಬಂದು ಹೇಳಿದಾಗ ಅವ್ವ, “ಯೋಚ್ನೆ ಮಾಡ್ಲಿ. ನಂಗೇನ್ ಅವಸ್ರ? ಒಡ್ದ ದಿನ ಆ ಕ್ವಾಣೇಲೆ ನಡ್ಕ ಬತ್ತೀನಿ,” ಎಂದಳು.

ಬಡಾವಣೆಯ ಹಿಂದಿನ ಸಾಲಿನಲ್ಲಿ ಮನೆ ಕಟ್ಟಿಕೊಂಡವರು ಏನು ತಪ್ಪು ಮಾಡಿದ್ದಾರೆ ಎಂದು ಕೇಳುವವರಿದ್ದಾರೆ. ಏನೂ ಮಾಡಿಲ್ಲ. ಅದಕ್ಕೇ ಗೋಡೆಯ ಮೂಲೆಯಲ್ಲಿ ಅವರೇ ಒಡೆದುಕೊಂಡ ಕಿಂಡಿಗೆ ನಾನೊಂದು ಸಣ್ಣ ಗೇಟು ಇಡಿಸಿಕೊಟ್ಟಿದ್ದೇನೆ. ನಡೆದು ಹೋಗುವವರು, ಸ್ಕೂಲಿನ ಮಕ್ಕಳು, ಸಿಲಿಂಡರ್ ಹೊರುವವರು ಓಡಾಡಬಹುದು. ಕಾರು ಹೋಗದು. ಕಾರು ಹೋದರೆ ಸೈಟು ಮಾರಾಟವಾಗುತ್ತದೆ.

ನಿಮ್ಮಲ್ಲಿ ಸೈಟು ಕೊಳ್ಳುವವರು ಇದ್ದೇ ಇರುತ್ತೀರಿ. ಹುಣಸೂರು ರಸ್ತೆಯಾಗಲಿ, ಕೋಟೆ ರಸ್ತೆಯಾಗಲಿ, ಇನ್ನು ಹತ್ತು ವರ್ಷಕ್ಕೆ ಎಲ್ಲ ಒಂದೇ ಊರು ಎಂದು ನಿಮಗೆ ಹೇಳುತ್ತಾರೆ, ಅದು ಸುಳ್ಳಿರಲಾರದು. ಆದರೂ ಕೇಳಿ. ಜಾಗ ನೋಡಲು ಬೇಸಿಗೆಯಲ್ಲಿ ಹೋಗಬೇಡಿ, ಮಳೆ ಬಿದ್ದ ಮಾರನೇ ದಿನ ಹೋಗಿ, ನೀರು ಎಲ್ಲಿ ನಿಂತಿದೆ ನೋಡಿ. ದಾರಿ ಇದೆಯಾ ಎಂದು ಕೇಳಬೇಡಿ. ಯಾರ ಸರ್ವೆ ನಂಬರಿನಲ್ಲಿ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಡಿ ಅಗಲ, ಅದರ ಮೇಲೆ ಓಡಾಡುವ ಹಕ್ಕು ಯಾರದು ಎಂದು ಕೇಳಿ, ಕೇಳಿದ್ದನ್ನೆಲ್ಲ ಹಾಗೆಯೇ ಬರೆಸಿ. ಯಾರಿಂದ ಯಾರಿಗೆ ಎಂದಿಲ್ಲದ ವಾಕ್ಯ ಬಂದರೆ ಓದುವವರನ್ನು ನಿಲ್ಲಿಸಿ. ಪತ್ರವನ್ನು ನಿಮ್ಮ ಸ್ನೇಹಿತರ ಕೈಲಿ ಓದಿಸಬೇಡಿ, ನಿಮ್ಮನ್ನು ಕಂಡರಾಗದವನ ಕೈಲಿ ಓದಿಸಿ. ಅದರಲ್ಲಿರುವ ತೊಂದರೆಯನ್ನು ಅವನಷ್ಟು ಬೇಗ ಯಾರೂ ಹುಡುಕಲಾರರು. ಕೊನೆಯದಾಗಿ, ಕಮಾನು ನೋಡಿ ವಾಪಸ್ಸು ಬರಬೇಡಿ. ಬಡಾವಣೆ ಮುಗಿಯುವ ಕಡೆಗೆ ಹೋಗಿ, ಗೋಡೆಯಾಚೆ ಯಾರಿದ್ದಾರೆ ವಿಚಾರಿಸಿ, ಬಡಾವಣೆ ಮಾಡಿದವರ ಹೆಸರು ಹೇಳಿ, ಅವರು ಏನು ಹೇಳುತ್ತಾರೆ ಎಂಬುದಕ್ಕಿಂತ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ನೋಡಿ. ನಮ್ಮ ಕಡೆಯ ಸೈಟೇ ನೋಡುವುದಾದರೆ ನಾನು ಮಧ್ಯಾಹ್ನದ ಮೇಲೆ ಶೆಡ್ಡಿನಲ್ಲೇ ಇರುತ್ತೇನೆ. ಮುಂಗಡ ಕೊಡುವ ಮೊದಲು ಬನ್ನಿ.